ಮಳೆ ನೆರಳಿನ ಎತ್ತರದ ಮರುಭೂಮಿ: ಬೆಂಡ್ ಸುತ್ತಲಿನ ಹಾದಿ, ಕೆರೆ, ಪಾರ್ಕುಗಳಿಗೆ ಹೋಗುವ ಬಗೆ

ಅಮೆರಿಕದ ಒರೆಗಾನ್ ರಾಜ್ಯ ಎಂದರೆ ಜಿಟಿಜಿಟಿ ಮಳೆ, ಪಾಚಿ ಹಿಡಿದ ಮರ ಎಂದುಕೊಂಡು ಪೋರ್ಟ್‌ಲ್ಯಾಂಡ್, ಹಿಲ್ಸ್‌ಬರೊ, ಬೀವರ್ಟನ್‌ಗಳಿಂದ ಹೊರಟವರು ಮೌಂಟ್ ಹುಡ್ ದಾಟಿ ಇಳಿಯುತ್ತಿದ್ದಂತೆ ಬೇರೆಯೇ ಸೀಮೆಗೆ ಬಂದುಬಿಡುತ್ತಾರೆ. ಘಟ್ಟದ ಒಂದು ಮಗ್ಗುಲಿಗೆ ಆಗುಂಬೆ, ಇನ್ನೊಂದು ಮಗ್ಗುಲಿಗೆ ಚಳ್ಳಕೆರೆ ಇರುವ ಹಾಗೆಯೇ ಇದು. ಪೆಸಿಫಿಕ್ ಸಾಗರದಿಂದ ಬರುವ ಮೋಡಗಳು ಕ್ಯಾಸ್ಕೇಡ್ ಬೆಟ್ಟಸಾಲಿನ ಪಡುವಣ ಇಳಿಜಾರಿನಲ್ಲೇ ಸುರಿದು ಬರಿದಾಗುತ್ತವೆ. ಮೂಡಣದ ಬೆಂಡ್ ಊರಿಗೆ ಸಿಗುವುದು ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಾತ್ರ. ಅದರಲ್ಲೂ ಬಹುಪಾಲು ಬೀಳುವುದು ಚಳಿಗಾಲದಲ್ಲಿ. ಊರಿರುವುದು 3,600 ಅಡಿ ಎತ್ತರದಲ್ಲಿ. ಜುಲೈ ಮಧ್ಯಾಹ್ನ 28–30 ಡಿಗ್ರಿ ಸೆಲ್ಸಿಯಸ್ ಕಾಯುವ ನೆಲ ಅದೇ ರಾತ್ರಿ 10 ಡಿಗ್ರಿಗೆ ಇಳಿಯುವುದು ಇಲ್ಲಿ ಮಾಮೂಲಿ.

ಇಲ್ಲಿಗೆ ಬಂದವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಫೋಟೊ ನೋಡಿ ಜಾಗ ಆರಿಸುತ್ತಾರೆ, ತಿಂಗಳು ಮತ್ತು ಎತ್ತರ ನೋಡುವುದಿಲ್ಲ. ಮೇ ಮೊದಲ ವಾರ ಸ್ಪಾರ್ಕ್ಸ್ ಲೇಕ್‌ಗೆ ಹೊರಟವರ ಎದುರು ಹಿಮಕ್ಕೆ ಮುಚ್ಚಿದ ಗೇಟು ಇರುತ್ತದೆ. ಆಗಸ್ಟ್ ನಡುಹಗಲು ಸ್ಮಿತ್ ರಾಕ್ ಹತ್ತಲು ಹೋದವರು ಅರ್ಧದಲ್ಲಿ ತಲೆ ಸುತ್ತಿ ಕೂರುತ್ತಾರೆ. ಜಾಗಗಳಲ್ಲಿ ತಪ್ಪಿಲ್ಲ, ತಿಂಗಳು ಅದಲುಬದಲಾಗಿದೆ ಅಷ್ಟೆ.

ಈ ಪ್ರದೇಶವನ್ನು ಮೆಟ್ಟಿಲುಗಳ ಹಾಗೆ ಕಲ್ಪಿಸಿಕೊಳ್ಳಿ. ಕೆಳಗಿನ ಮೆಟ್ಟಿಲಲ್ಲಿ, ಸುಮಾರು 2,800ರಿಂದ 3,600 ಅಡಿಯಲ್ಲಿ, ಸ್ಮಿತ್ ರಾಕ್, ಬ್ಯಾಡ್‌ಲ್ಯಾಂಡ್ಸ್, ಬೆಂಡ್ ಊರೊಳಗಿನ ಪಾರ್ಕುಗಳು ಇವೆ. ನಡುವಿನದರಲ್ಲಿ, 4,000ದಿಂದ 5,000 ಅಡಿಯಲ್ಲಿ, ಡೆಶೂಟ್ಸ್ ನದಿಯ ಮೇಲ್ಹರಿವಿನ ಹಾದಿ, ಲಾವಾ ಬ್ಯೂಟ್, ಟುಮಾಲೊ ಜಲಪಾತ. ಮೇಲಿನದರಲ್ಲಿ, ಸುಮಾರು 5,000 ಅಡಿಯಿಂದಾಚೆ, ಕ್ಯಾಸ್ಕೇಡ್ ಕೆರೆಗಳು ಮತ್ತು ನ್ಯೂಬೆರಿ ಜ್ವಾಲಾಮುಖಿಯ ಬಾಯೊಳಗಿನ ಎರಡು ಸರೋವರ. ಹಿಮ ಕೆಳಗಿನಿಂದ ಮೇಲಕ್ಕೆ ಕರಗುತ್ತಾ ಹೋಗುತ್ತದೆ, ಬಿಸಿಲೂ ಅದರ ಬೆನ್ನಿಗೇ ಹತ್ತುತ್ತದೆ. ಹಾಗಾಗಿ ಮಾರ್ಚ್‌ನಿಂದ ಮೇ ತನಕ ಕೆಳಗಿನ ಮೆಟ್ಟಿಲು, ಜೂನ್‌ನಲ್ಲಿ ನಡುವಿನದು, ಜುಲೈ–ಆಗಸ್ಟ್‌ನಲ್ಲಿ ಮೇಲಿನದು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನ ತನಕ, ಅಂದರೆ ನವರಾತ್ರಿಯ ಆಸುಪಾಸಿನಲ್ಲಿ, ಮೂರೂ ಮೆಟ್ಟಿಲು ತೆರೆದಿರುತ್ತವೆ. ಸೊಳ್ಳೆಯೂ ಇರುವುದಿಲ್ಲ, ಕಾಡ್ಗಿಚ್ಚಿನ ಹೊಗೆಯೂ ಸಾಮಾನ್ಯವಾಗಿ ಇಳಿದಿರುತ್ತದೆ. ವರ್ಷಕ್ಕೆ ಒಂದೇ ಸಲ ಬರಲು ಆಗುವವರು ಆಗಲೇ ಬರಬೇಕು.

ನೀರಿನ ಲೆಕ್ಕ

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಬೆವರು ಇಳಿದರೆ ಅಂಗಿ ಒದ್ದೆಯಾಗುತ್ತದೆ, ಬಾಯಾರಿಕೆ ಗೊತ್ತಾಗುತ್ತದೆ. ಇಲ್ಲಿ ಗಾಳಿ ಎಷ್ಟು ಒಣಗಿದೆಯೆಂದರೆ ಬೆವರು ಮೈಮೇಲೆ ಕಾಣುವ ಮೊದಲೇ ಆರಿಹೋಗುತ್ತದೆ. ಬೆವರುತ್ತಲೇ ಇಲ್ಲವಲ್ಲ ಎಂದುಕೊಂಡು ಜನ ನೀರು ಕುಡಿಯದೆ ನಡೆಯುತ್ತಾರೆ. ಸಂಜೆ ಟೋಪಿಯ ಅಂಚಿನಲ್ಲಿ, ಬೆನ್ನುಚೀಲದ ಪಟ್ಟಿಯಲ್ಲಿ ಉಪ್ಪಿನ ಬಿಳಿ ಗೆರೆ ಕಂಡಾಗ ಎಷ್ಟು ಬೆವರು ಹೋಯಿತೆಂದು ಗೊತ್ತಾಗುತ್ತದೆ. ಅಷ್ಟರಲ್ಲಿ ತಲೆನೋವು ಶುರುವಾಗಿರುತ್ತದೆ.

ತಂಪು ಹೊತ್ತಿನಲ್ಲಿ ಸಮತಟ್ಟು ಹಾದಿಗೆ ಒಬ್ಬರಿಗೆ ಗಂಟೆಗೆ ಅರ್ಧ ಲೀಟರ್ ಲೆಕ್ಕ ಹಾಕಿ. 27 ಡಿಗ್ರಿ ಮೀರಿದ ಬಿಸಿಲಲ್ಲಿ ಏರು ಹತ್ತುವುದಾದರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್. ಮೂರು ಗಂಟೆಯ ನಡಿಗೆಗೆ ಬೇಸಿಗೆಯಲ್ಲಿ ತಲೆಗೆ 3 ಲೀಟರ್ ಹೊರಬೇಕು, ಕಾರಿನಲ್ಲಿ ಇನ್ನೂ 2 ಲೀಟರ್ ಉಳಿದಿರಬೇಕು. ನೀರು ಅರ್ಧ ಮುಗಿದ ಜಾಗವೇ ಹಿಂದಿರುಗುವ ಜಾಗ. ತುದಿ ಇನ್ನು ಹತ್ತೇ ನಿಮಿಷ ಅಂದರೂ ತಿರುಗಿ. ಮಕ್ಕಳು ಕೇಳುವ ತನಕ ಕಾಯಬೇಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ನಾಲ್ಕು ಗುಟುಕು ಕುಡಿಸಿ.

ಬರೀ ನೀರನ್ನೇ ಸುರಿದುಕೊಂಡರೂ ತೊಂದರೆಯೇ. ಮೈಯ ಉಪ್ಪು ತೆಳುವಾಗಿ ವಾಂತಿ, ತಲೆಸುತ್ತು ಬರುತ್ತದೆ. ಲೀಟರಿಗೆ ಕಾಲು ಚಮಚ ಉಪ್ಪು, ಎರಡು ಮೂರು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣು ಹಿಂಡಿದ ಪಾನಕ ಒಂದು ಬಾಟಲಿ ಇರಲಿ. ಅಂಗಡಿಯ ಪುಡಿಗಿಂತ ಇದು ಬಾಯಿಗೂ ಹಿತ. ಮಜ್ಜಿಗೆ ಕಾರಿನ ಕಾವಿಗೆ ಕೆಡುತ್ತದೆ, ತರಬೇಡಿ. ಬುತ್ತಿಗೆ ಪುಳಿಯೋಗರೆ, ಚಪಾತಿ–ಚಟ್ನಿಪುಡಿ, ಹುರಿಗಡಲೆ, ಕಡಲೆಮಿಠಾಯಿ ಒಳ್ಳೆಯದು. ಉಪ್ಪೂ ಇದೆ, ಬೇಗ ಹಳಸುವುದೂ ಇಲ್ಲ. ಸಿಪ್ಪೆ, ಅನ್ನದಗುಳು ಏನನ್ನೂ ಹಾದಿಯಲ್ಲಿ ಚೆಲ್ಲಬೇಡಿ. ಈ ಒಣನೆಲದಲ್ಲಿ ಕಿತ್ತಳೆ ಸಿಪ್ಪೆಯೂ ತಿಂಗಳುಗಟ್ಟಲೆ ಕೊಳೆಯುವುದಿಲ್ಲ.

ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಸೋಸದೆ ಕುಡಿಯಬಾರದು, ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಇರುತ್ತದೆ. ಸ್ಮಿತ್ ರಾಕ್‌ನ ಕೆಳಗೆ ಹರಿಯುವ ಕ್ರೂಕೆಡ್ ನದಿಯನ್ನಂತೂ ಫಿಲ್ಟರ್ ಇದ್ದರೂ ನಂಬಬೇಡಿ. ಅದು ಹೊಲಗದ್ದೆಗಳ ನೀರು ಸೇರಿಸಿಕೊಂಡು ಬರುವ ನದಿ, ಗೊಬ್ಬರ–ಔಷಧಿಯನ್ನು ಸಾಮಾನ್ಯ ಫಿಲ್ಟರ್ ತೆಗೆಯುವುದಿಲ್ಲ.

ಸ್ಮಿತ್ ರಾಕ್

ಬೆಂಡ್‌ಗೆ ಉತ್ತರದಲ್ಲಿರುವ ರೆಡ್ಮಂಡ್ ಊರಿನಿಂದಲೂ ಉತ್ತರಕ್ಕೆ, ಟೆರೆಬಾನ್ ಎಂಬ ಸಣ್ಣ ಊರಿನ ಪಕ್ಕದಲ್ಲಿದೆ. ಜ್ವಾಲಾಮುಖಿಯ ಬೂದಿ ಬಿಸಿಯಲ್ಲೇ ಬೆಸೆದು ಗಟ್ಟಿಯಾದ ಕಲ್ಲಿನ ಗೋಡೆಗಳು ಇವು. ಬಂಡೆಗೆ ಮೊದಲೇ ಬಡಿದ ಕೊಕ್ಕೆಗಳಿಗೆ ಹಗ್ಗ ಸಿಕ್ಕಿಸಿ ಹತ್ತುವ ಸ್ಪೋರ್ಟ್ ಕ್ಲೈಂಬಿಂಗ್ ಅಮೆರಿಕದಲ್ಲಿ 1980ರ ದಶಕದಲ್ಲಿ ಇಲ್ಲಿಯೇ ಬೇರು ಬಿಟ್ಟಿತು. ಹಗ್ಗವಿಲ್ಲದ ನಮ್ಮಂಥವರಿಗೆ ಇರುವುದು ಮಿಸರಿ ರಿಜ್ ಹಾದಿ, ನದಿದಂಡೆಯ ಹಾದಿ ಎರಡನ್ನೂ ಸೇರಿಸಿದ ಸುಮಾರು 4 ಮೈಲಿಯ ಸುತ್ತು.

ಈ ಸುತ್ತಿನಲ್ಲಿ ಎರಡು ಮೋಸಗಳಿವೆ. ಮೊದಲನೆಯದು, ಪಾರ್ಕಿಂಗ್ ಇರುವುದು ಕಣಿವೆಯ ಮೇಲಂಚಿನಲ್ಲಿ. ಆರಂಭದಲ್ಲಿ ಸೇತುವೆಯ ತನಕ ಸುಖವಾಗಿ ಇಳಿಯುತ್ತೀರಿ, ಆ ಇಳಿತವನ್ನೇ ಎಲ್ಲ ಮುಗಿದ ಮೇಲೆ ಸುಸ್ತಾದ ಕಾಲಲ್ಲಿ, ಏರುಬಿಸಿಲಲ್ಲಿ ಹತ್ತಬೇಕು. ಆ ಕೊನೆಯ ಏರಿಗೆಂದೇ ಅರ್ಧ ಲೀಟರ್ ನೀರು ಮುಟ್ಟದೆ ಇಡಿ. ಎರಡನೆಯದು, ಮಿಸರಿ ರಿಜ್ ಉದ್ದಕ್ಕೆ ಒಂದು ಮೈಲಿಯೂ ಇಲ್ಲ, ಏರು ಮಾತ್ರ 600 ಅಡಿ ಮೀರಿದೆ, ನೆರಳು ಒಂದಿಷ್ಟೂ ಇಲ್ಲ. ಸೇತುವೆ ದಾಟಿ ನೇರ ಎದುರಿನ ಮೆಟ್ಟಿಲು ಕಟ್ಟಿದ ಮುಖದಿಂದ ಹತ್ತಿ, ಹಿಂಬದಿಯ ತಿರುವುಗಳಿಂದ ಇಳಿದು, ನದಿಯ ಗುಂಟ ಹಿಂದಿರುಗಿ. ಹಿಂಬದಿಯಲ್ಲಿ ಸಡಿಲ ಜಲ್ಲಿ ಗುಂಡಿನಂತೆ ಕಾಲಡಿ ಉರುಳುತ್ತದೆ. ಅಲ್ಲಿ ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಗ್ಗಿರಲಿ, ಕೋಲಿದ್ದರೆ ಎರಡಿರಲಿ. ತಳ ಸವೆದ ಓಟದ ಬೂಟು ಹಾಕಿಕೊಂಡು ಬಂದವರು ಜಾರುವುದು ಇಲ್ಲೇ. ಇಳಿಯುವಾಗ ಕಾಣುವ 350 ಅಡಿಯ ಒಂಟಿ ಕಂಬವೇ ಮಂಕಿ ಫೇಸ್. ಅದನ್ನು ನೋಡಬೇಕಾದರೆ ನಿಂತು ನೋಡಿ, ನಡೆಯುತ್ತಾ ನೋಡಬೇಡಿ.

ಬೇಸಿಗೆಯಲ್ಲಿ ಬೆಳಗ್ಗೆ 6ಕ್ಕೆ ಹಾದಿಯಲ್ಲಿರಬೇಕು, 10ಕ್ಕೆ ಕಾರಿಗೆ ಮರಳಿರಬೇಕು. ಶನಿವಾರ–ಭಾನುವಾರ 9ರ ಹೊತ್ತಿಗೆ ಪಾರ್ಕಿಂಗ್ ತುಂಬಿಬಿಡುತ್ತದೆ. ಆಗ ಜನ ರಸ್ತೆಯ ಪಕ್ಕ ದೂರದಲ್ಲಿ ನಿಲ್ಲಿಸಿ ನಡೆದು ಬರುತ್ತಾರೆ, ಅಷ್ಟು ನೀರು ಅಷ್ಟು ಬಲ ಅಲ್ಲೇ ಖರ್ಚು. ನಾಯಿಗೆ ಹಗ್ಗ ಕಡ್ಡಾಯ, 6 ಅಡಿಗಿಂತ ಉದ್ದ ಇರಕೂಡದು. ಇಲ್ಲಿ ಗರುಡ ಜಾತಿಯ ಗೋಲ್ಡನ್ ಈಗಲ್‌ಗಳು ಗೂಡು ಕಟ್ಟುವ ಕಾಲದಲ್ಲಿ ಕೆಲವು ಬಂಡೆಗಳನ್ನು ಮುಚ್ಚುತ್ತಾರೆ, ಫಲಕ ಕಂಡರೆ ಆಚೆ ಹೋಗಬೇಡಿ.

ಏಪ್ರಿಲ್‌ನಿಂದ ಅಕ್ಟೋಬರ್ ತನಕ ರ‍್ಯಾಟಲ್‌ಸ್ನೇಕ್ ಇರುತ್ತದೆ. ಬಾಲದಲ್ಲಿ ಗಿಲಕಿಯಂತೆ ಸದ್ದು ಮಾಡುವ ಈ ಹಾವು ತಾನಾಗಿ ಅಟ್ಟಿಸಿಕೊಂಡು ಬರುವುದಿಲ್ಲ. ಕಾಣದ ಕಡೆ ಕೈ ಇಟ್ಟಾಗ, ಕಲ್ಲಿನ ಆಚೆ ನೋಡದೆ ಕಾಲಿಟ್ಟಾಗ ಕಚ್ಚುತ್ತದೆ. ಸದ್ದು ಕೇಳಿದೊಡನೆ ನಿಂತು, ಎಲ್ಲಿದೆ ಎಂದು ನೋಡಿ, ಹಿಂದೆ ಸರಿಯಿರಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು, ಮಂಜುಗಡ್ಡೆ ಇಡುವುದು ಯಾವುದೂ ಬೇಡ. ಉಂಗುರ, ಬಳೆ, ವಾಚು ತೆಗೆದು, ಕಚ್ಚಿದವರನ್ನು ಅಲುಗಾಡದಂತೆ ಕೂರಿಸಿ 911ಕ್ಕೆ ಫೋನ್ ಮಾಡಿ. ರೆಡ್ಮಂಡ್, ಬೆಂಡ್ ಎರಡರಲ್ಲೂ ಆಸ್ಪತ್ರೆಗಳಿವೆ.

ನ್ಯೂಬೆರಿ: ಜ್ವಾಲಾಮುಖಿಯ ಬಾಯೊಳಗೆ

ಬೆಂಡ್‌ನಿಂದ ಹೆದ್ದಾರಿ 97ರಲ್ಲಿ ದಕ್ಷಿಣಕ್ಕೆ ಹೋದರೆ 1990ರಲ್ಲಿ ಘೋಷಿತವಾದ ನ್ಯೂಬೆರಿ ರಾಷ್ಟ್ರೀಯ ಜ್ವಾಲಾಮುಖಿ ಸ್ಮಾರಕ. 1960ರ ದಶಕದಲ್ಲಿ ಚಂದ್ರನ ಮೇಲೆ ನಡೆಯುವ ಅಭ್ಯಾಸಕ್ಕೆ ನಾಸಾದ ಗಗನಯಾತ್ರಿಗಳನ್ನು ಕರೆತಂದದ್ದು ಇದೇ ಲಾವಾ ನೆಲಗಳಿಗೆ. ಒಂದು ದಿನವನ್ನು ಹೀಗೆ ಜೋಡಿಸಿಕೊಂಡರೆ ಓಡಾಟ ಕಡಿಮೆ.

ಬೆಳಗ್ಗೆ ಮೊದಲು ಪಾಲೀನಾ ಲೇಕ್. 6,350 ಅಡಿ ಎತ್ತರದಲ್ಲಿದೆ, ಆಳ 250 ಅಡಿ. ಸುತ್ತುಹಾದಿ ಸುಮಾರು ಏಳೂವರೆ ಮೈಲಿ, ಬಹುಪಾಲು ಸಮತಟ್ಟು, ನಾಲ್ಕು ಗಂಟೆ ಹಿಡಿಯುತ್ತದೆ. ಈಶಾನ್ಯ ದಡದಲ್ಲಿ ಮರಳು ತೋಡಿದರೆ ಬಿಸಿನೀರು ಒಸರುವ ಕಡೆ ಸಣ್ಣ ಹೊಂಡಗಳಿವೆ. ಜೂನ್‌ನಲ್ಲಿ ಕೆರೆ ತುಂಬಿದ್ದರೆ ಹೊಂಡ ಮುಳುಗಿ ತಣ್ಣಗಿರುತ್ತದೆ, ಆಗಸ್ಟ್ ನಂತರ ಚೆನ್ನ. ಸೋಪು, ಎಣ್ಣೆ ಬಳಸಬಾರದು.

ಆಮೇಲೆ ಬಿಗ್ ಆಬ್ಸಿಡಿಯನ್ ಫ್ಲೋ. ಸುಮಾರು 1,300 ವರ್ಷದ ಹಿಂದೆ ಉಕ್ಕಿ ಹರಿದು ನಿಂತ ಕಪ್ಪು ಗಾಜಿನ ಗುಡ್ಡೆ. ಹಾದಿ ಒಂದು ಮೈಲಿಯೂ ಇಲ್ಲ, ಆದರೆ ಕಲ್ಲಿನ ಅಂಚು ಬ್ಲೇಡಿನಷ್ಟು ಹರಿತ. ಚಪ್ಪಲಿ ಬೇಡ, ನಾಯಿಯನ್ನು ತರಬೇಡಿ, ಪಾದ ಹರಿದುಕೊಳ್ಳುತ್ತದೆ. ಮಕ್ಕಳು ಬಿದ್ದರೆ ಅಂಗೈ ಊರುತ್ತಾರೆ, ಆದ್ದರಿಂದ ಕೈಗವಸು ಹಾಕಿಸಿ. ಚೂರು ಎಷ್ಟೇ ಚೆಂದ ಇದ್ದರೂ ಜೇಬಿಗೆ ಹಾಕುವಂತಿಲ್ಲ, ಕಾನೂನಿನ ಪ್ರಕಾರ ಅಪರಾಧ. ಕಪ್ಪು ಕಲ್ಲು ಬಿಸಿಲನ್ನು ಹೀರಿ ಕಾಯುವುದರಿಂದ 11 ಗಂಟೆಯೊಳಗೆ ಮುಗಿಸಿ.

ಮಧ್ಯಾಹ್ನದ ಬಿಸಿಲಿಗೆ ಲಾವಾ ರಿವರ್ ಕೇವ್. ಒಳಗೆ ವರ್ಷವಿಡೀ 42 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಐದಾರು ಡಿಗ್ರಿ ಸೆಲ್ಸಿಯಸ್. ಹೊರಗೆ ಸೆಖೆ ಎಂದು ಅರ್ಧತೋಳಿನಲ್ಲಿ ಇಳಿದವರು ಹತ್ತು ನಿಮಿಷಕ್ಕೆ ಹತ್ತಿ ಬರುತ್ತಾರೆ. ಸ್ವೆಟರ್, ಮುಚ್ಚಿದ ಬೂಟು, ತಲೆಗೊಂದು ಟಾರ್ಚ್, ಕೈಗೊಂದು ಟಾರ್ಚ್ ಬೇಕು. ಫೋನಿನ ಬೆಳಕು ಸಾಲದು, ಗೋಡೆಯ ಕಪ್ಪು ಅದನ್ನು ನುಂಗಿಬಿಡುತ್ತದೆ. ಬೇಸಿಗೆ ತಿಂಗಳುಗಳಲ್ಲಷ್ಟೇ ತೆರೆಯುವ ಈ ಗುಹೆಗೆ ಸಮಯ ಗೊತ್ತುಮಾಡಿದ ಟಿಕೆಟ್ಟನ್ನು ರಿಕ್ರಿಯೇಷನ್ ಡಾಟ್ ಗವ್ ಜಾಲತಾಣದಲ್ಲಿ ಮುಂಚೆಯೇ ತೆಗೆದುಕೊಳ್ಳಬೇಕು. ಬೇರೆ ಯಾವುದೇ ಗುಹೆಗೆ ಹಾಕಿಕೊಂಡು ಹೋದ ಬಟ್ಟೆ, ಬೂಟು, ಟಾರ್ಚ್ ಇಲ್ಲಿಗೆ ತರುವಂತಿಲ್ಲ. ಬಾವಲಿಗಳನ್ನು ಸಾಮೂಹಿಕವಾಗಿ ಕೊಲ್ಲುವ ಬಿಳಿಮೂಗು ರೋಗದ ಶಿಲೀಂಧ್ರ ಬಟ್ಟೆಯಲ್ಲಿ ಅಂಟಿ ಬರುತ್ತದೆ. ಬೇಲಂ ಗುಹೆಗೆ ಹಾಕಿದ್ದ ಬೂಟು ಚೀಲದಲ್ಲಿದ್ದರೆ ಅದನ್ನೂ ಮನೆಯಲ್ಲೇ ಬಿಡಿ.

7,984 ಅಡಿಯ ಪಾಲೀನಾ ಪೀಕ್‌ಗೆ ಕಾರು ಹೋಗುತ್ತದೆ. ಕಡಿದಾದ ಮಣ್ಣುರಸ್ತೆ, ಹಿಮ ಕರಗಿ ತೆರೆಯುವಾಗ ಜೂನ್ ಕೊನೆಯೋ ಜುಲೈಯೋ ಆಗಿರುತ್ತದೆ. ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬರಬೇಡಿ, ಲೋ ಗೇರ್‌ಗೆ ಹಾಕಿ. ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ತುದಿಯಲ್ಲಿ ನಿಲ್ಲದೆ ಇಳಿದುಬಿಡಿ.

ಕ್ಯಾಸ್ಕೇಡ್ ಕೆರೆಗಳು

ಬೆಂಡ್‌ನಿಂದ ಮೌಂಟ್ ಬ್ಯಾಚುಲರ್ ಕಡೆ ಹೋಗುವ ರಸ್ತೆ ಸ್ಕೀ ತಾಣದ ಆಚೆಗೆ ಚಳಿಗಾಲವಿಡೀ ಮುಚ್ಚಿರುತ್ತದೆ, ತೆರೆಯುವುದು ಸಾಮಾನ್ಯವಾಗಿ ಮೇ ಕೊನೆಗೆ. ರಸ್ತೆ ತೆರೆದರೂ ಟಾಡ್ ಲೇಕ್‌ನಂಥ ಎತ್ತರದ ಕೆರೆಯ ದಡದಲ್ಲಿ ಹಿಮ ಇನ್ನೂ ಕೆಲವು ವಾರ ಕೂತಿರುತ್ತದೆ. ಹಿಮ ಕರಗಿದ ನೀರು ನಿಂತಲ್ಲೆಲ್ಲ ಸೊಳ್ಳೆ. ಜೂನ್ ನಡುವಿನಿಂದ ಜುಲೈ ಕೊನೆಯ ತನಕ ಇಲ್ಲಿಯ ಸೊಳ್ಳೆಗಳ ಮುಂದೆ ಮಲೆನಾಡಿನವೂ ಸಾಧು ಅನ್ನಿಸುತ್ತವೆ. 20 ಶೇಕಡಾ ಪಿಕಾರಿಡಿನ್ ಇರುವ ಔಷಧಿ ಹಚ್ಚಿ, ತಿಳಿಬಣ್ಣದ ಸಡಿಲ ತುಂಬುತೋಳು ಹಾಕಿ. ಡೀಟ್ ಎಂಬ ಇನ್ನೊಂದು ಸೊಳ್ಳೆ ಔಷಧಿ ಹಚ್ಚಿದ ಕೈಯಲ್ಲಿ ಕನ್ನಡಕ, ವಾಚು ಮುಟ್ಟಿದರೆ ಪ್ಲಾಸ್ಟಿಕ್ ಕರಗುತ್ತದೆ. ಆಗಸ್ಟ್ ನಡುವಿನ ಹೊತ್ತಿಗೆ ಕಾಟ ತಗ್ಗುತ್ತದೆ.

ಸ್ಪಾರ್ಕ್ಸ್ ಲೇಕ್‌ನ ತಳದಲ್ಲಿ ಲಾವಾ ಬಿರುಕುಗಳಿವೆ. ನೀರು ಅದರೊಳಗೆ ಇಳಿದುಹೋಗುತ್ತಾ ಸೆಪ್ಟೆಂಬರ್ ಹೊತ್ತಿಗೆ ಕೆರೆ ತೀರ ಬಡವಾಗುತ್ತದೆ. ದೋಣಿಗೆ ಜುಲೈ ಒಳ್ಳೆಯದು. ಪ್ರತಿಬಿಂಬದ ಚಿತ್ರ ಬೇಕಾದವರು ಸೂರ್ಯ ಹುಟ್ಟುವ ಹೊತ್ತಿಗೆ ದಡದಲ್ಲಿರಬೇಕು, 9ರ ಮೇಲೆ ಗಾಳಿ ಎದ್ದು ನೀರು ಕದಡುತ್ತದೆ. ಹಾಸ್ಮರ್ ಲೇಕ್‌ಗೆ ಪೆಟ್ರೋಲ್ ದೋಣಿಗಳಿಗೆ ಬಿಡುವುದಿಲ್ಲ, ಹೊಸದಾಗಿ ಹುಟ್ಟು ಹಾಕಲು ಕಲಿಯುವವರಿಗೆ ಇದಕ್ಕಿಂತ ಶಾಂತ ಜಾಗ ಇಲ್ಲ. ಕಯಾಕ್‌ನಲ್ಲಾಗಲಿ ಪ್ಯಾಡಲ್ ಬೋರ್ಡ್‌ನಲ್ಲಾಗಲಿ ಮೊದಲು ಗಾಳಿಗೆ ಎದುರಾಗಿ ಹೋಗಿ. ಸುಸ್ತಾದಾಗ ಗಾಳಿಯೇ ದಡಕ್ಕೆ ತಳ್ಳುತ್ತದೆ. ತಿರುಗಾಮುರುಗಾ ಮಾಡಿದವರು ಆಚೆ ದಡದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. 12 ವರ್ಷ ಮತ್ತು ಅದರೊಳಗಿನ ಮಕ್ಕಳು ದೋಣಿಯಲ್ಲಿ ಲೈಫ್ ಜಾಕೆಟ್ ತೊಟ್ಟಿರಲೇಬೇಕು, ದೊಡ್ಡವರಿಗೂ ತಲೆಗೊಂದು ದೋಣಿಯಲ್ಲಿರಬೇಕು. ದೊಡ್ಡವರೂ ತೊಡಲಿ ಎನ್ನುವುದು ನಮ್ಮ ಒತ್ತಾಯ. ಊರ ಬಾವಿ, ಹೊಳೆಯಲ್ಲಿ ಈಜಿ ಬೆಳೆದವರಿಗೂ ಹಿಮದ ನೀರಿಗೆ ಬಿದ್ದ ಮೊದಲ ನಿಮಿಷ ಉಸಿರು ಕೈಗೆ ಸಿಗುವುದಿಲ್ಲ. ಮುಖ ಮೇಲಿಟ್ಟು ಉಸಿರು ಹತೋಟಿಗೆ ಬರುವ ತನಕ ತೇಲಿ, ಆಮೇಲೆ ಈಜಿ.

ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ, ಬಟಾಣಿ ಸಾರಿನ ಹಾಗೆ ಕಂಡರೆ ಮಕ್ಕಳನ್ನೂ ನಾಯಿಯನ್ನೂ ಇಳಿಸಬೇಡಿ. ಆ ಪಾಚಿಯ ವಿಷ ಕುದಿಸಿದರೂ ಹೋಗುವುದಿಲ್ಲ.

ಗ್ರೀನ್ ಲೇಕ್ಸ್, ಸೌತ್ ಸಿಸ್ಟರ್‌ನಂಥ ಹೆಚ್ಚು ಜನ ಹೋಗುವ ಹಾದಿಗಳಿಗೆ ಜೂನ್ 15ರಿಂದ ಅಕ್ಟೋಬರ್ 15ರ ತನಕ ಒಂದು ದಿನದ ನಡಿಗೆಗೂ ಮುಂಗಡ ಪರ್ಮಿಟ್ ಬೇಕು. ಇದೂ ರಿಕ್ರಿಯೇಷನ್ ಡಾಟ್ ಗವ್‌ನಲ್ಲೇ. ವಾರಾಂತ್ಯದ್ದು ತೆರೆದ ಸ್ವಲ್ಪ ಹೊತ್ತಿಗೇ ಮುಗಿಯುತ್ತದೆ, ಮಂಗಳವಾರ–ಬುಧವಾರ ಸುಲಭವಾಗಿ ಸಿಗುತ್ತದೆ. ಪಾರ್ಕಿಂಗ್ ಪಾಸ್ ಬೇರೆ: ನ್ಯಾಷನಲ್ ಫಾರೆಸ್ಟ್‌ನ ಹಲವು ಜಾಗಗಳಿಗೆ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಬೇಕು. ಸ್ಮಿತ್ ರಾಕ್ ರಾಜ್ಯದ ಪಾರ್ಕ್ ಆದ್ದರಿಂದ ಈ ಪಾಸ್ ಅಲ್ಲಿ ನಡೆಯುವುದಿಲ್ಲ, ಅದರ ಶುಲ್ಕ ಪ್ರತ್ಯೇಕ. ಎಷ್ಟೋ ಜನಕ್ಕೆ ದಂಡ ಬೀಳುವುದು ಈ ಗೊಂದಲದಲ್ಲೇ.

ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ದಾರಿ ತಪ್ಪದಿರಲು

ಬೆಂಡ್‌ನ ಮೂಡಣಕ್ಕೆ 29,000 ಎಕರೆಗಳಷ್ಟು ಹಳೆಯ ಜೂನಿಪರ್ ಮರಗಳ, ಮರಳಿನ, ಒಡೆದ ಲಾವಾ ದಿಬ್ಬಗಳ ಕಾಡು. 2009ರಲ್ಲಿ ಸಂರಕ್ಷಿತವಾಯಿತು. ಶುಲ್ಕವಿಲ್ಲ, ನೀರಿಲ್ಲ. ನೆಲ ಸಮತಟ್ಟಾಗಿರುವುದೇ ಇಲ್ಲಿಯ ಕಷ್ಟ. ದಾರಿಗುರುತಿಗೆ ಬೆಟ್ಟವಿಲ್ಲ, ಎಲ್ಲ ಮರವೂ ಒಂದೇ ಥರ. ಫ್ಲಾಟೈರನ್ ರಾಕ್‌ನಂಥ ಲಾವಾ ದಿಬ್ಬ ಹತ್ತಿ ಇಳಿಯುವಾಗ ಬೇರೆ ಮಗ್ಗುಲಲ್ಲಿ ಇಳಿದು ದಾರಿ ತಪ್ಪುವವರೇ ಹೆಚ್ಚು. ಹತ್ತುವ ಮೊದಲು ಹಾದಿ ಸೇರಿದ ಜಾಗವನ್ನು ಫೋನಿನ ನಕ್ಷೆಯಲ್ಲಿ ಗುರುತಿಸಿ, ಹಿಂತಿರುಗಿ ಒಂದು ಫೋಟೊ ತೆಗೆಯಿರಿ. ನಕ್ಷೆಯನ್ನು ಬೆಂಡ್‌ನಲ್ಲಿರುವಾಗಲೇ ಇಳಿಸಿಕೊಳ್ಳಿ. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ, ಸಿಗ್ನಲ್ ಹುಡುಕುತ್ತಾ ಬ್ಯಾಟರಿ ಖಾಲಿಯಾಗುತ್ತದೆ. ಹಾದಿಯ ಪಕ್ಕದ ಮಣ್ಣಿನ ಮೇಲೆ ಕಪ್ಪು ಹೆಕ್ಕಳದಂತೆ ಕಾಣುವುದು ಜೀವಂತ ಪದರ, ಗಾಳಿಗೆ ಮಣ್ಣು ಹಾರದಂತೆ ಹಿಡಿದಿಡುವುದು ಅದೇ. ಒಂದು ಹೆಜ್ಜೆಯ ಗಾಯ ಮಾಯಲು ವರ್ಷಗಳೇ ಬೇಕು, ಹಾಗಾಗಿ ಹಾದಿ ಬಿಡಬೇಡಿ. ವಸಂತದಲ್ಲಿ ಸೇಜ್ ಪೊದೆಗಳ ನಡುವೆ ನಡೆದು ಬಂದ ಮೇಲೆ ಮಂಡಿಯ ಹಿಂದೆ, ಸೊಂಟದ ಪಟ್ಟಿಯಲ್ಲಿ, ಮಕ್ಕಳ ಕೂದಲಲ್ಲಿ ಉಣ್ಣಿ ಹುಡುಕಿ.

ಊರಿನಿಂದ ಅಪ್ಪ–ಅಮ್ಮ ಬಂದಿದ್ದರೆ

ಬೇಸಿಗೆಯಲ್ಲಿ ಇಲ್ಲಿಯ ಕನ್ನಡದ ಮನೆಗಳಲ್ಲಿ ಹಿರಿಯರು ಬಂದಿರುತ್ತಾರೆ. ಅವರಿಗೆ ಮಿಸರಿ ರಿಜ್ ಬೇಡ. ಬೆಂಡ್ ಊರ ನಡುವೆಯೇ ಇರುವ ಪೈಲಟ್ ಬ್ಯೂಟ್‌ನ ತುದಿಗೆ ಬೇಸಿಗೆಯಲ್ಲಿ ಕಾರು ಹೋಗುತ್ತದೆ, ಅಲ್ಲಿಂದ ಹಿಮಶಿಖರಗಳ ಸಾಲು ಒಂದೇ ನೋಟಕ್ಕೆ ಸಿಗುತ್ತದೆ. ಮೆಟೋಲಿಯಸ್ ನದಿ ಬೆಟ್ಟದ ಬುಡದಿಂದ ಒಮ್ಮೆಲೇ ತುಂಬು ಹೊಳೆಯಾಗಿ ಚಿಮ್ಮುವ ಜಾಗಕ್ಕೆ ಕಾಲು ಮೈಲಿಯ ಡಾಂಬರು ಹಾದಿ ಇದೆ. ತಲಕಾವೇರಿ ಕಂಡವರಿಗೆ ಅದು ಖಂಡಿತ ಹಿಡಿಸುತ್ತದೆ. ಡೆಶೂಟ್ಸ್ ದಂಡೆಯ ಡ್ರೇಕ್ ಪಾರ್ಕ್‌ನಲ್ಲಿ ನೆರಳು, ಬೆಂಚು, ಶೌಚಾಲಯ ಮೂರೂ ಉಂಟು. ಒಣಗಾಳಿಗೆ ಮೊದಲ ದಿನ ಮೂಗಿನಲ್ಲಿ ರಕ್ತ ಒಸರುವುದುಂಟು, ತುಟಿ ಸೀಳುತ್ತದೆ. ತುಟಿಗೆ ಕೊಬ್ಬರಿಎಣ್ಣೆಯೋ ವ್ಯಾಸಲೀನೋ ಹಚ್ಚಿ, ಮಲಗುವ ಕೋಣೆಯಲ್ಲಿ ಒದ್ದೆ ಟವೆಲ್ ಹರವಿ. ಬೀಪಿಗೆ ನೀರು ಹೊರಹಾಕಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿಕೊಂಡಿರಲಿ.

ಹೊಗೆ, ಬೆಂಕಿ, ರಸ್ತೆ

ಆಗಸ್ಟ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಬರುವುದು ಈಗ ಪ್ರತಿ ವರ್ಷದ ಮಾತು. ಹೊರಡುವ ಬೆಳಗ್ಗೆ ಏರ್‌ನೌ ಜಾಲತಾಣದಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ ನೋಡಿ. 100 ದಾಟಿದ್ದರೆ ಮಕ್ಕಳು, ಹಿರಿಯರು, ಉಬ್ಬಸ ಇರುವವರು ಏರು ಹತ್ತುವುದು ಬೇಡ. 150 ದಾಟಿದ್ದರೆ ಯಾರೂ ಬೇಡ. ಬೆಂಕಿಯ ನಿರ್ಬಂಧ ಜಾರಿಯಲ್ಲಿದ್ದಾಗ ಕಟ್ಟಿಗೆಯ ಒಲೆ, ಇದ್ದಿಲ ಒಲೆ ಎರಡೂ ನಿಷಿದ್ಧ. ತಿರುಪಿ ಆರಿಸಬಹುದಾದ ಗ್ಯಾಸ್ ಒಲೆಗೆ ಬಹುತೇಕ ಅನುಮತಿ ಇರುತ್ತದೆ, ಆದರೂ ಆ ದಿನದ ಆದೇಶ ಓದಿ. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಲೇಬೇಡಿ. ಕಾರಿನಡಿಯ ಸೈಲೆನ್ಸರ್ ಕೊಳವೆಯ ಕಾವಿಗೇ ಹುಲ್ಲು ಹೊತ್ತಿಕೊಳ್ಳುತ್ತದೆ.

ಪೋರ್ಟ್‌ಲ್ಯಾಂಡ್‌ನಿಂದ ಹೆದ್ದಾರಿ 26 ಹಿಡಿದು ಮ್ಯಾಡ್ರಸ್ ತನಕ, ಅಲ್ಲಿಂದ 97ರಲ್ಲಿ ಬೆಂಡ್‌ಗೆ ಸುಮಾರು 160 ಮೈಲಿ, ಮೂರೂವರೆ ಗಂಟೆ. ಕೆಳಗೆ ವಸಂತ ಬಂದಿದ್ದರೂ ಘಟ್ಟದ ಮೇಲೆ ಹಿಮ ಬೀಳುತ್ತಿರಬಹುದು. ನವೆಂಬರ್‌ನಿಂದ ಏಪ್ರಿಲ್ ತನಕ ಟೈರಿಗೆ ಸುತ್ತುವ ಹಿಮದ ಚೈನು ಡಿಕ್ಕಿಯಲ್ಲಿರಲಿ, ಟ್ರಿಪ್‌ಚೆಕ್ ಜಾಲತಾಣದಲ್ಲಿ ರಸ್ತೆಯ ಕ್ಯಾಮೆರಾ ನೋಡಿಯೇ ಹೊರಡಿ. ಸಂಜೆ ಮರಳುವಾಗ, ಸೂರ್ಯ ಮುಳುಗುವ ಹಿಂದುಮುಂದಿನ ಗಂಟೆಯಲ್ಲಿ ಜಿಂಕೆಗಳು ರಸ್ತೆ ದಾಟುತ್ತವೆ. ವೇಗ ಇಳಿಸಿ, ಎದುರಿಗೆ ವಾಹನ ಇಲ್ಲದಾಗ ಹೈಬೀಮ್ ಹಾಕಿ. ಜಿಂಕೆ ಕಂಡರೆ ಸ್ಟಿಯರಿಂಗ್ ತಿರುಗಿಸದೆ ನೇರವಾಗಿ ಬ್ರೇಕ್ ಹಾಕಿ. ಒಂದು ದಾಟಿದ ಮೇಲೂ ತಕ್ಷಣ ಹೊರಡಬೇಡಿ, ಹಿಂದೆ ಇನ್ನೂ ಎರಡು ಮೂರು ಇರುತ್ತವೆ.